ಕ್ಯೂ ಕೋಲಿನ ಕೀಲು: ಕೈಯ ಅನುಭವ, ಕಿವಿಯ ತೀರ್ಪು

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವವರು ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ತಟ್ಟಿ ನೋಡುವುದನ್ನು ವಾಚಕರೆಲ್ಲರೂ ಕಂಡಿರಬೇಕು. ‘ಠಣ್’ ಎಂದರೆ ಮಡಕೆ ಗಟ್ಟಿ. ‘ಬೊದ್’ ಎಂದರೆ ಎಲ್ಲಿಯೋ ಬಿರುಕುಂಟು. ಹಾಗೆಯೇ ಗುದ್ದಲಿಯ ಕಾವು ಸಡಿಲವಾಗಿರುವುದನ್ನು ನಮ್ಮ ರೈತರು ಕಣ್ಣಿನಿಂದ ಕಾಣುವುದಕ್ಕೆ ಮೊದಲೇ, ನೆಲಕ್ಕೆ ಹಾಕಿದ ಮೊದಲನೆಯ ಏಟಿನಲ್ಲಿಯೇ ತಿಳಿದುಬಿಡುತ್ತಾರೆ. ಏಟಿನ ಸದ್ದು ಒಡಕಾಗಿ ಕೇಳುತ್ತದೆ; ಅಂಗೈ ಜುಮ್ಮೆನ್ನುತ್ತದೆ. ವಸ್ತುವಿನ ಒಳಗನ್ನು ಸದ್ದಿನಿಂದಲೂ ಸ್ಪರ್ಶದಿಂದಲೂ ಅರಿಯುವ ಈ ವಿದ್ಯೆ ಬಹು ಹಳೆಯದು, ಬಹುಮಟ್ಟಿಗೆ ನಂಬತಕ್ಕದ್ದು. ಆದರೆ ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬ ಪ್ರಶ್ನೆ ನಮಗೆ ಎದುರಾದುದು ಮಡಕೆಯಿಂದಲೂ ಅಲ್ಲ, ಗುದ್ದಲಿಯಿಂದಲೂ ಅಲ್ಲ. ಒಂದು ಆಟದ ಕೋಲಿನಿಂದ.

ಸಿರಿಗೆರೆಯ ಆಸುಪಾಸಿನ ಹಳ್ಳಿಯೊಂದರಿಂದ ನಮ್ಮ ತರಗತಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಭಾನುವಾರಗಳಂದು ದಾವಣಗೆರೆಗೆ ಹೋಗಿ ಪೂಲ್ ಆಟವನ್ನು ಆಡುವ ಅಭ್ಯಾಸವಿಟ್ಟುಕೊಂಡಿದ್ದನು. ಅಡಿಕೆ ಸುಲಿಯುವ ಕಾಲದಲ್ಲಿ ದುಡಿದು ಕೂಡಿಟ್ಟ ಹಣವು ಅವನ ಬಳಿ ಇತ್ತು. ಒಂದು ದಿನ ಪಾಠ ಮುಗಿದ ಮೇಲೆ ಅವನು ನಮ್ಮನ್ನು ಕೇಳಿದನು: “ಸಾರ್, ಉಕ್ಕಿನ ಕೀಲಿರುವ ಕೋಲಿನಲ್ಲಿ ಹೊಡೆದರೆ ಏಟು ಗಟ್ಟಿಯಾಗಿ ಕೂರುತ್ತದೆ, ಚೆಂಡು ನೆಟ್ಟಗೆ ಹೋಗುತ್ತದೆ ಎನ್ನುತ್ತಾರೆ. ನನಗೂ ಹಾಗೇ ಅನ್ನಿಸಿದೆ. ಇರುವ ದುಡ್ಡನ್ನೆಲ್ಲ ಹಾಕಿ ಅಂಥದೊಂದನ್ನು ಕೊಳ್ಳಲೇ?”

ಒಬ್ಬ ಹುಡುಗನ ವರ್ಷದ ಉಳಿತಾಯವು ನಮ್ಮ ಉತ್ತರವನ್ನು ಅವಲಂಬಿಸಿತ್ತು. ಆ ಉತ್ತರವನ್ನು ನಾವು ಹೇಗೆ ಹುಡುಕಿದೆವು, ಮೊದಲು ಎಲ್ಲಿ ಎಡವಿದೆವು ಎಂಬುದೇ ಈ ಲೇಖನದ ವಿಷಯ.

ಆಟವೂ ಕೋಲೂ

ಮೇಜಿನ ಮೇಲೆ ಚೆಂಡುಗಳನ್ನು ಕೋಲಿನಿಂದ ಹೊಡೆದಾಡುವ ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಮೊದಲಾದ ಆಟಗಳು ಒಂದೇ ಮನೆತನಕ್ಕೆ ಸೇರಿದವು. ಇವುಗಳಲ್ಲಿ ಸ್ನೂಕರ್ ನಮ್ಮ ದೇಶದಲ್ಲಿಯೇ ಹುಟ್ಟಿದುದು. ೧೮೭೫ರಲ್ಲಿ ಜಬಲ್ಪುರದ ಸೇನಾಶಿಬಿರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿಯು ಅದನ್ನು ಕಲ್ಪಿಸಿದನು; ಮುಂದೆ ನಮ್ಮ ನೆರೆಯ ಉದಕಮಂಡಲದ ಕ್ಲಬ್ಬಿನಲ್ಲಿ ಅದರ ನಿಯಮಗಳು ರೂಪುಗೊಂಡವು. ೧೯೫೮ರಲ್ಲಿ ಕಲಕತ್ತೆಯಲ್ಲಿ ನಡೆದ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಸ್ಪರ್ಧೆಯಲ್ಲಿ ವಿಲ್ಸನ್ ಜೋನ್ಸ್ ಅವರು ಗೆದ್ದರು. ೨೦೦೩ರಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಹದಿನೆಂಟರ ಹರೆಯದಲ್ಲಿ ಚೀನಾ ದೇಶದಲ್ಲಿ ವಿಶ್ವ ಸ್ನೂಕರ್ ಪದವಿಯನ್ನು ಪಡೆದು, ಅನಂತರ ಬಿಲಿಯರ್ಡ್ಸ್‌ನಲ್ಲಿಯೂ ಹಲವು ಬಾರಿ ವಿಶ್ವವಿಜೇತರಾದರು. ಹೀಗಾಗಿ ಇದು ಕನ್ನಡನಾಡಿಗೆ ಅಪರಿಚಿತವಾದ ಆಟವಲ್ಲ.

ಭೌತಶಾಸ್ತ್ರಕ್ಕಂತೂ ಈ ಆಟ ಹಳೆಯ ನೆಂಟ. ತಿರುಗುವ ಭೂಮಿಯ ಮೇಲೆ ಗಾಳಿಯು ಓರೆಯಾಗುವುದನ್ನು ವಿವರಿಸುವಾಗ ನಾವು ಹೆಸರಿಸುವ ಫ್ರಾನ್ಸಿನ ಕೊರಿಯೋಲಿ ೧೮೩೫ರಲ್ಲಿ ಬಿಲಿಯರ್ಡ್ಸ್ ಆಟದ ಗಣಿತವನ್ನು ಕುರಿತು ಒಂದು ಗ್ರಂಥವನ್ನೇ ಬರೆದನು.

ಇನ್ನು ಕೋಲಿನ ರಚನೆಯನ್ನು ನೋಡೋಣ. ಪೂಲ್ ಆಟದ ಕೋಲು ಸಾಮಾನ್ಯವಾಗಿ ಸುಮಾರು ೧೪೭ ಸೆಂಟಿಮೀಟರು ಉದ್ದ, ೫೦೦ ರಿಂದ ೬೦೦ ಗ್ರಾಂ ತೂಕ. ಚೆಂಡಿಗೆ ತಗಲುವ ತುದಿಯಲ್ಲಿ ೧೨–೧೩ ಮಿಲಿಮೀಟರು ಅಗಲದ ಚರ್ಮದ ಬಿಲ್ಲೆ, ಅದರ ಹಿಂದೆ ಮರ ಸೀಳದಂತೆ ಕಾಯುವ ಒಂದು ಬಳೆ, ಅನಂತರ ಸಪೂರವಾದ ಮುಂಗೋಲು, ನಡುವೆ ಕೀಲು, ಅದರ ಹಿಂದೆ ದಪ್ಪವಾದ ಹಿಂಗೋಲು, ಕಟ್ಟಕಡೆಗೆ ರಬ್ಬರಿನ ಗುಂಡಿ. ಮುಂಗೋಲಿಗೆ ಮೇಪಲ್ ಮರವನ್ನೂ, ಸ್ನೂಕರ್ ಕೋಲಾದರೆ ಹೆಚ್ಚಾಗಿ ಆಶ್ ಮರವನ್ನೂ ಬಳಸುತ್ತಾರೆ. ಹಿಂಗೋಲಿಗೆ ಕರಿಮರ, ನಮ್ಮ ಸಹ್ಯಾದ್ರಿಯ ಬೀಟೆ ಮೊದಲಾದ ಭಾರವಾದ ಮರಗಳುಂಟು. ಈಚೆಗೆ ಇಂಗಾಲದ ಎಳೆಗಳಿಂದ ಮಾಡಿದ ಮುಂಗೋಲುಗಳೂ ಬಂದಿವೆ.

ಕೋಲನ್ನು ಎರಡು ತುಂಡು ಮಾಡಿದುದು ಒಯ್ಯುವ ಅನುಕೂಲಕ್ಕಾಗಿ. ತುಂಡುಗಳನ್ನು ಕೂಡಿಸಲು ತಿರುಪಿನ ಮೊಳೆಯಿರುತ್ತದೆ. ಕೆಲವು ಕೋಲುಗಳಲ್ಲಿ ಮರದ ಮುಖಕ್ಕೆ ಮರದ ಮುಖವೇ ಒತ್ತಿ ಕೂರುತ್ತದೆ. ಕೆಲವುಗಳಲ್ಲಿ ಸುತ್ತಲೂ ಉಕ್ಕಿನ ಕೊರಳಪಟ್ಟಿಯಿರುತ್ತದೆ. ಸ್ನೂಕರ್ ಕೋಲುಗಳಲ್ಲಿ ಹಿತ್ತಾಳೆಯ ಕೀಲು ವಾಡಿಕೆ. ಉಕ್ಕಿನ ಕೀಲಿನ ಏಟು ‘ಗಡುಸು’, ಮರದ ಕೀಲಿನ ಏಟು ‘ಮೃದು’ ಎಂದು ಆಟಗಾರರು ಹೇಳುತ್ತಾರೆ. ಈ ಮಾತಿನಲ್ಲಿ ಎಷ್ಟು ಸತ್ಯಾಂಶವಿದೆ?

ಸಾವಿರದಲ್ಲೊಂದು ಸೆಕೆಂಡು

ಕೋಲಿನ ತುದಿಯು ಚೆಂಡನ್ನು ಮುಟ್ಟಿಕೊಂಡಿರುವ ಕಾಲವು ಬಹು ಅಲ್ಪ. ವೇಗವಾಗಿ ಚಿತ್ರಗಳನ್ನು ತೆಗೆಯುವ ಕ್ಯಾಮರಾಗಳಿಂದ ನೋಡಿದಾಗ ಅದು ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಎಂದು ತಿಳಿದುಬರುತ್ತದೆ. ಇಷ್ಟರೊಳಗೆ ಚರ್ಮವು ಕುಗ್ಗಿ, ಮತ್ತೆ ಹಿಗ್ಗಿ, ಚೆಂಡನ್ನು ಮುಂದಕ್ಕೆ ನೂಕಿ ಮುಗಿಸಿರುತ್ತದೆ.

ಒಂದು ಸುಲಭವಾದ ಲೆಕ್ಕವನ್ನು ಮಾಡೋಣ. ಕೋಲಿನ ತೂಕ ೫೪೦ ಗ್ರಾಂ, ಚೆಂಡಿನ ತೂಕ ೧೭೦ ಗ್ರಾಂ, ಕೋಲಿನ ವೇಗ ಸೆಕೆಂಡಿಗೆ ೨ ಮೀಟರು ಇರಲಿ. ಚರ್ಮದ ಪುಟಿತದ ಗುಣಾಂಕವನ್ನು ೦.೭೫ ಎಂದಿಟ್ಟುಕೊಳ್ಳೋಣ. ಸಂವೇಗವು ಉಳಿದುಬರುವ ನಿಯಮದಂತೆ, ಚೆಂಡಿನ ವೇಗವು ಕೋಲಿನ ವೇಗದ ೧.೭೫ × ೫೪೦ ÷ ೭೧೦ ಪಾಲು, ಅಂದರೆ ಸುಮಾರು ೧.೩೩ ಪಾಲು ಆಗುತ್ತದೆ. ಚೆಂಡು ಸೆಕೆಂಡಿಗೆ ಸುಮಾರು ೨.೬೬ ಮೀಟರು ವೇಗದಿಂದ ಹೊರಡುತ್ತದೆ. ಈ ಲೆಕ್ಕದಲ್ಲಿ ಕೋಲಿನ ತೂಕವುಂಟು, ವೇಗವುಂಟು, ಚರ್ಮದ ಗುಣವುಂಟು. ಕೀಲಿನ ಹೆಸರೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಕೈಗೆ ‘ಅನಿಸುವುದು’ ಯಾವಾಗ? ಬೆರಳಿನ ನರದಲ್ಲಿ ಸ್ಪರ್ಶದ ಸುದ್ದಿಯು ಸೆಕೆಂಡಿಗೆ ಸುಮಾರು ೫೦ ಮೀಟರು ವೇಗದಿಂದ ಸಾಗುತ್ತದೆ. ಕೈಯಿಂದ ಮಿದುಳಿಗೆ ಸುಮಾರು ಒಂದು ಮೀಟರು ದೂರವೆಂದರೆ, ಅದಕ್ಕೆ ಬೇಕಾದ ಕಾಲ ೦.೦೨ ಸೆಕೆಂಡು. ಅಷ್ಟು ಹೊತ್ತಿಗೆ ಚೆಂಡು ಕೋಲನ್ನು ಬಿಟ್ಟು ಐದು ಸೆಂಟಿಮೀಟರು ಮುಂದೆ ಹೋಗಿರುತ್ತದೆ! ಆ ಸುದ್ದಿಯನ್ನು ಕೇಳಿ ಕೈಯನ್ನು ತಿದ್ದಿಕೊಳ್ಳಬೇಕೆಂದರೆ ಸುಮಾರು ೦.೧೫ ಸೆಕೆಂಡಾದರೂ ಬೇಕು. ಆಗ ಚೆಂಡು ಒಂದು ಮೊಳದಷ್ಟು ದೂರದಲ್ಲಿರುತ್ತದೆ. ಹೀಗಿರಲು, ಏಟಿನ ‘ಅನುಭವ’ವೆಂಬುದು ಕೆಲಸ ಮುಗಿದ ಮೇಲೆ ಬರುವ ಪತ್ರವಿದ್ದಂತೆ. ಅದು ಏಟಿಗೆ ಸಾಕ್ಷಿಯೇ ಹೊರತು ಕಾರಣವಲ್ಲ.

ನಮ್ಮ ತಪ್ಪು ಲೆಕ್ಕ

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕು. ಹುಡುಗನು ಪ್ರಶ್ನೆ ಕೇಳಿದ ದಿನವೇ ನಾವು ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಂತೆವು. ಕೋಲಿನ ತುದಿಗೆ ಬಿದ್ದ ಪೆಟ್ಟು ಮರದೊಳಗೆ ಒಂದು ತರಂಗವಾಗಿ ಸಾಗುತ್ತದೆ. ಸ್ಥಿತಿಸ್ಥಾಪಕತೆಯ ಗುಣಾಂಕವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲವನ್ನು ತೆಗೆದರೆ ಆ ತರಂಗದ ವೇಗ ಬರುತ್ತದೆ. ಮೇಪಲ್ ಮರದಲ್ಲಿ ಎಳೆಯ ಉದ್ದಕ್ಕೆ ಅದು ಸೆಕೆಂಡಿಗೆ ಸುಮಾರು ೪,೨೦೦ ಮೀಟರು. ಉಕ್ಕಿನಲ್ಲಿ ಸುಮಾರು ೫,೦೦೦ ಮೀಟರು. ವೇಗಗಳು ಬಹಳ ಭಿನ್ನವಲ್ಲ. ಆದರೆ ಉಕ್ಕಿನ ಸಾಂದ್ರತೆ ಮರದ ಹನ್ನೊಂದರಷ್ಟು. ಸಾಂದ್ರತೆಯನ್ನು ವೇಗದಿಂದ ಗುಣಿಸಿ ಬರುವ ‘ತರಂಗರೋಧ’ವು ಉಕ್ಕಿನಲ್ಲಿ ಮರದ ಸುಮಾರು ಹದಿಮೂರರಷ್ಟಾಗುತ್ತದೆ. ರೋಧಗಳು ಇಷ್ಟು ಭಿನ್ನವಾದಾಗ ಗಡಿಯಲ್ಲಿ ತರಂಗದ ಶಕ್ತಿಯ ಸುಮಾರು ಮುಕ್ಕಾಲು ಪಾಲು ಹಿಂದಿರುಗಬೇಕು. “ನೋಡು, ಕೀಲು ಎಷ್ಟು ದೊಡ್ಡ ಕೆಲಸ ಮಾಡುತ್ತದೆ!” ಎಂದು ನಾವು ಜಂಬದಿಂದಲೇ ಹೇಳಿದೆವು.

ಹುಡುಗನು ತುಸುಹೊತ್ತು ಕರಿಹಲಗೆಯನ್ನೇ ನೋಡಿ, “ಹಾಗಾದರೆ ಹಿಂಗೋಲಿನ ಬಲ ಚೆಂಡಿಗೆ ಮುಟ್ಟುವುದೇ ಇಲ್ಲವಲ್ಲ ಸಾರ್? ಉಕ್ಕಿನ ಕೀಲಿನವರ ಚೆಂಡೂ ಅಷ್ಟೇ ಜೋರಾಗಿ ಹೋಗುತ್ತದೆ,” ಎಂದನು. ನಾವು ಉತ್ತರ ಕೊಡಲಾರದೆ, “ನಾಳೆ ಹೇಳುತ್ತೇವೆ,” ಎಂದು ಹಲಗೆಯನ್ನು ಒರಸಿದೆವು.

ತಪ್ಪು ಎಲ್ಲಿತ್ತೆಂದು ತಿಳಿಯಲು ಕೆರೆಯ ಅಲೆಯನ್ನು ನೆನೆಯಬೇಕು. ಊರ ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡ ಸಿರಿಗೆರೆಯವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. ಅಲೆಯು ಏರಿಗೆ ಬಡಿದರೆ ಹಿಂದಿರುಗುತ್ತದೆ. ನೀರಿನಲ್ಲಿ ನೆಟ್ಟ ಒಂದು ಸಣ್ಣ ಗಳುವಿಗೆ ಬಡಿದರೆ ಅದು ಇದ್ದುದನ್ನೇ ಗಮನಿಸದಂತೆ ಮುಂದೆ ಹೋಗುತ್ತದೆ. ಅಲೆಯ ಉದ್ದಕ್ಕಿಂತ ತಡೆಯು ಬಹು ಚಿಕ್ಕದಾಗಿದ್ದರೆ ಪ್ರತಿಫಲನವೂ ಅತ್ಯಲ್ಪ. ನಾವು ಮಾಡಿದ ಲೆಕ್ಕವು ಮರದ ಆಚೆಗೆ ಕೊನೆಯಿಲ್ಲದ ಉಕ್ಕು ಇದ್ದರೆ ಸರಿ. ಆದರೆ ಕೀಲಿನ ಉಕ್ಕು ಇರುವುದು ಎರಡೂವರೆ ಸೆಂಟಿಮೀಟರಿನಷ್ಟು. ಅದನ್ನು ದಾಟಲು ತರಂಗಕ್ಕೆ ಬೇಕಾದುದು ಒಂದು ಸೆಕೆಂಡಿನ ಹತ್ತು ಲಕ್ಷದ ಐದು ಪಾಲು. ಏಟಿನ ಕಾಲವಾದರೋ ಅದರ ಇನ್ನೂರರಷ್ಟು. ಒಂದು ಸಾವಿರಾಂಶ ಸೆಕೆಂಡಿನ ಏಟು ಮರದಲ್ಲಿ ಹರಡಿಕೊಂಡರೆ ಅದರ ಉದ್ದ ನಾಲ್ಕು ಮೀಟರಿಗಿಂತ ಹೆಚ್ಚು, ಎಂದರೆ ಕೋಲಿನ ಸುಮಾರು ಮೂರರಷ್ಟು. ಏಟಿನ ತರಂಗವು ಬುಡವನ್ನು ಮುಟ್ಟಿ ಹಿಂದಿರುಗಲು ೦.೭ ಸಾವಿರಾಂಶ ಸೆಕೆಂಡು ಸಾಕು. ಚೆಂಡು ಇನ್ನೂ ತುದಿಯಲ್ಲಿರುವಾಗಲೇ ಇಡೀ ಕೋಲಿಗೆ ಸುದ್ದಿ ಮುಟ್ಟಿರುತ್ತದೆ. ಆದುದರಿಂದ, ಬಿಗಿಯಾಗಿ ಕೂತ ಕೀಲು ಉಕ್ಕಿನದಾಗಲಿ, ಹಿತ್ತಾಳೆಯದಾಗಲಿ, ಮರದ್ದಾಗಲಿ, ಚೆಂಡಿನ ಮಟ್ಟಿಗೆ ಕೋಲು ಒಂದೇ ತುಂಡಿನಂತೆ ನಡೆದುಕೊಳ್ಳುತ್ತದೆ.

ಮರುದಿನ ತರಗತಿಯಲ್ಲಿ ಇದನ್ನು ಹೇಳಿ ತಪ್ಪನ್ನು ಒಪ್ಪಿಕೊಂಡೆವು. ಸೂತ್ರವು ಸರಿಯಾಗಿತ್ತು, ಗುಣಾಕಾರವೂ ಸರಿಯಾಗಿತ್ತು. ಆ ಸೂತ್ರ ಅಲ್ಲಿಗೆ ಹೊಂದುವುದೇ ಎಂದು ಕೇಳದೆ ಹೋದುದು ನಮ್ಮ ದೋಷ.

ಕೋಲು ಬಳುಕುವ ಬಗೆ

ಹಾಗಾದರೆ ಆಟಗಾರರು ಹೇಳುವ ಗಡುಸು-ಮೃದುಗಳು ಬರಿಯ ಭ್ರಮೆಯೆ? ಅಲ್ಲ. ಚೆಂಡು ಹೋದ ಮೇಲೆಯೂ ಕೋಲು ಕಂಪಿಸುತ್ತಿರುತ್ತದೆ. ಕೈಗೂ ಕಿವಿಗೂ ಬರುವ ಸುದ್ದಿ ಈ ಕಂಪನಗಳದು. ಇವು ಎರಡು ಬಗೆ.

ಮೊದಲನೆಯದು ಉದ್ದಕ್ಕೆ ಹಿಗ್ಗಿ ಕುಗ್ಗುವ ಕಂಪನ. ೧೪೭ ಸೆಂಟಿಮೀಟರಿನ ಕೋಲಿನಲ್ಲಿ ಅದರ ಮೂಲಸ್ವರವು ಸೆಕೆಂಡಿಗೆ ಸುಮಾರು ೧,೪೦೦ ಕಂಪನಗಳು. ಇದು ಕಿವಿಗೆ ಚೆನ್ನಾಗಿ ಕೇಳುವ ಎತ್ತರದ ಸ್ವರ. ಎರಡನೆಯದು ಅಡ್ಡಕ್ಕೆ ಬಳುಕುವ ಕಂಪನ. ಲೆಕ್ಕದ ಸುಲಭಕ್ಕಾಗಿ ಕೋಲು ಉದ್ದಕ್ಕೂ ೨ ಸೆಂಟಿಮೀಟರು ದಪ್ಪವಿದೆಯೆಂದು ಭಾವಿಸಿದರೆ, ಬಳುಕಿನ ಮೊದಲ ನಾಲ್ಕು ಸ್ವರಗಳು ಸೆಕೆಂಡಿಗೆ ಸುಮಾರು ೩೫, ೯೬, ೧೮೮, ೩೧೧ ಕಂಪನಗಳಾಗುತ್ತವೆ. ತಂತಿಯಲ್ಲಿರುವಂತೆ ಒಂದು, ಎರಡು, ಮೂರು ಎಂಬ ಸರಳ ಪ್ರಮಾಣ ಇಲ್ಲಿಲ್ಲ. ಆದುದರಿಂದಲೇ ಕೋಲಿನ ಸದ್ದು ವೀಣೆಯ ನಾದದಂತೆ ಇರುವುದಿಲ್ಲ.

ನಮ್ಮ ಅಂಗೈಯ ಚರ್ಮದ ಆಳದಲ್ಲಿ, ಇಟಲಿಯ ಪಾಚೀನಿ ಎಂಬ ವಿದ್ವಾಂಸನ ಹೆಸರಿನಿಂದ ಕರೆಯಲ್ಪಡುವ ಸೂಕ್ಷ್ಮ ಗ್ರಾಹಕಗಳಿವೆ. ಅವು ಸೆಕೆಂಡಿಗೆ ೨೦೦ ರಿಂದ ೩೦೦ ಕಂಪನಗಳ ಸುತ್ತಮುತ್ತ ಅತಿ ಚುರುಕಾಗಿರುತ್ತವೆ. ಬಳುಕಿನ ಮೂರನೆಯ, ನಾಲ್ಕನೆಯ ಸ್ವರಗಳು ಈ ಎಲ್ಲೆಯ ಎರಡು ಪಕ್ಕಗಳಲ್ಲಿಯೇ ಬೀಳುತ್ತವೆ. ಸಪೂರವಾದ ಕೋಲು ಇಂಥ ತಗ್ಗಿನ ಸ್ವರಗಳನ್ನು ಗಾಳಿಗೆ ಚೆನ್ನಾಗಿ ಕೊಡಲಾರದು. ಆದುದರಿಂದ ಬಳುಕನ್ನು ಬಹುಮಟ್ಟಿಗೆ ಕೈ ಅರಿಯುತ್ತದೆ, ಎತ್ತರದ ಸದ್ದನ್ನು ಕಿವಿ ಅರಿಯುತ್ತದೆ. ಎರಡು ಸಾಕ್ಷಿಗಳು ನೋಡಿದುದು ಎರಡು ಬೇರೆ ಘಟನೆಗಳನ್ನು!

ಈ ಬಳುಕನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಕೋಲಾಟದ ಕೋಲೊಂದನ್ನು ತೆಗೆದುಕೊಳ್ಳಿ. ಅದು ೪೫ ಸೆಂಟಿಮೀಟರು ಉದ್ದವಿರಲಿ. ಅದನ್ನು ನಡುವಿನಲ್ಲಿ ಎರಡು ಬೆರಳುಗಳಿಂದ ಹಿಡಿದು ಇನ್ನೊಂದು ಕೋಲಿನಿಂದ ತಟ್ಟಿ, ಸದ್ದು ಸತ್ತಂತಿರುತ್ತದೆ. ಈಗ ತುದಿಯಿಂದ ೧೦ ಸೆಂಟಿಮೀಟರು ದೂರದಲ್ಲಿ ಹಗುರವಾಗಿ ಹಿಡಿದು ಕೋಲಿನ ನಡುವೆ ತಟ್ಟಿ; ಕೋಲು ಹಾಡುತ್ತದೆ. ಉದ್ದದ ಶೇಕಡ ೨೨ರಷ್ಟು ದೂರದಲ್ಲಿ, ಎರಡು ಕಡೆಯೂ, ಮೊದಲನೆಯ ಬಳುಕಿನ ನಿಶ್ಚಲ ಬಿಂದುಗಳಿರುತ್ತವೆ. ಅಲ್ಲಿ ಹಿಡಿದ ಬೆರಳು ಕಂಪನವನ್ನು ನುಂಗುವುದಿಲ್ಲ. ಕಾಷ್ಠತರಂಗದ ಮರದ ಪಟ್ಟಿಗಳನ್ನು ಆಧಾರದ ಮೇಲೆ ಕೂರಿಸುವುದೂ ಇಂಥ ಬಿಂದುಗಳಲ್ಲಿಯೇ. ಕ್ಯೂ ಕೋಲಿನಲ್ಲಿ ಈ ಲೆಕ್ಕದಂತೆ ಬುಡದಿಂದ ಸುಮಾರು ೩೩ ಸೆಂಟಿಮೀಟರಿನಲ್ಲಿ ನಿಶ್ಚಲ ಬಿಂದು ಬರಬೇಕು. ಕೋಲು ಒಂದೆಡೆ ದಪ್ಪ, ಒಂದೆಡೆ ಸಪೂರವಾದುದರಿಂದ ಅದು ಸ್ವಲ್ಪ ಸರಿದಿರುತ್ತದೆ. ಅದೇ ಕೋಲನ್ನು ಹಿಡಿಯುವ ಜಾಗವನ್ನು ಒಂದಿಷ್ಟು ಬದಲಿಸಿದರೂ ‘ಅನುಭವ’ ಬದಲಾಗುವುದಕ್ಕೆ ಕಾರಣ ಇದು.

ಕೀಲು ಮಾಡುವ ಕೆಲಸಗಳು

ಈಗ ಕೀಲಿಗೆ ಅದರ ನ್ಯಾಯವಾದ ಪಾಲನ್ನು ಕೊಡೋಣ.

ಒಂದು, ತೂಕ. ೫೦೦ ಗ್ರಾಂ ತೂಕದ ಕೋಲು ಬುಡದಿಂದ ೪೭ ಸೆಂಟಿಮೀಟರಿನಲ್ಲಿ ಸಮತೂಗುವುದೆನ್ನೋಣ. ನಡುವೆ, ಅಂದರೆ ೭೩.೫ ಸೆಂಟಿಮೀಟರಿನಲ್ಲಿ, ೫೦ ಗ್ರಾಂ ಉಕ್ಕನ್ನು ಸೇರಿಸಿದರೆ ಸಮತೂಕದ ಬಿಂದು ೪೯.೪ ಸೆಂಟಿಮೀಟರಿಗೆ ಸರಿಯುತ್ತದೆ. ಈ ಎರಡೂವರೆ ಸೆಂಟಿಮೀಟರಿನ ವ್ಯತ್ಯಾಸವನ್ನು ಕೈ ಹೊಡೆಯುವ ಮೊದಲೇ ತಿಳಿಯಬಲ್ಲದು. ನಡುವೆ ಸೇರಿದ ಭಾರವು ಬಳುಕಿನ ಮೂಲಸ್ವರವನ್ನೂ ಇಳಿಸುತ್ತದೆ. ತೂಕವೊಂದನ್ನೇ ಎಣಿಸಿದರೆ ೩೫ ಇದ್ದುದು ೩೩ರ ಹತ್ತಿರಕ್ಕೆ ಬರುತ್ತದೆ. ಸಂಗೀತ ಬಲ್ಲವರ ಮಾತಿನಲ್ಲಿ ಹೇಳುವುದಾದರೆ ಅರ್ಧಸ್ವರದಷ್ಟು ಇಳಿತ.

ಎರಡು, ಕಂಪನದ ಶಮನ. ಕೀಲಿನ ಮುಖಗಳು ಒಂದರ ಮೇಲೊಂದು ಅತಿ ಸೂಕ್ಷ್ಮವಾಗಿ ಉಜ್ಜಿ ಕಂಪನದ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಕ್ರಿಕೆಟ್ ಬ್ಯಾಟನ್ನು ನೆನೆಯಿರಿ. ಬೆತ್ತದ ಹಿಡಿಯನ್ನು ಬೆಣೆಯಾಕಾರದಲ್ಲಿ ಕೊರೆದು ಹಲಗೆಯೊಳಗೆ ಸೇರಿಸಿರುತ್ತಾರೆ. ಹಿಡಿಯ ಒಳಗೆ ರಬ್ಬರಿನ ಪಟ್ಟಿಗಳನ್ನಿಡುವುದು ಏಟಿನ ಜುಮ್ಮನ್ನು ಕೈಗೆ ಬಾರದಂತೆ ತಡೆಯಲಿಕ್ಕಾಗಿ.

ಮೂರು, ಎತ್ತರದ ಸ್ವರಗಳ ಸೋಸುವಿಕೆ. ಸ್ವರವು ಎತ್ತರವಾದಷ್ಟೂ ತರಂಗವು ಗಿಡ್ಡ; ಗಿಡ್ಡವಾದ ತರಂಗವು ಚಿಕ್ಕ ಕೀಲನ್ನೂ ಗಮನಿಸುತ್ತದೆ. ಸೆಕೆಂಡಿಗೆ ಹಲವು ಸಾವಿರ ಕಂಪನಗಳ ಸ್ವರಗಳಲ್ಲಿ ಉಕ್ಕಿನ ಕೀಲಿಗೂ ಮರದ ಕೀಲಿಗೂ ಭೇದವುಂಟಾಗುವುದು ಸಹಜ. ಆದರೆ ಅದು ಸದ್ದಿನ ಬಣ್ಣವನ್ನು ತುಸು ಬದಲಿಸೀತೇ ಹೊರತು ಚೆಂಡಿನ ದಾರಿಯನ್ನಲ್ಲ.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದುದು, ಬಿಗಿ. ಇದುವರೆಗೆ ಹೇಳಿದುದೆಲ್ಲ ಬಿಗಿಯಾದ ಕೀಲಿಗೆ ಮಾತ್ರ ಸಲ್ಲುತ್ತದೆ. ಕೀಲು ಸಡಿಲವಾದರೆ ಅದು ಬಿರುಕುಬಿಟ್ಟ ಮಡಕೆ, ಬೆಣೆ ಜಾರಿದ ಗುದ್ದಲಿ. ಎರಡು ತುಂಡುಗಳು ಒಂದಾಗಿ ಬಳುಕುವುದನ್ನು ಬಿಟ್ಟು ತಮ್ಮತಮ್ಮಲ್ಲೇ ಬಡಿದಾಡುತ್ತವೆ, ಸದ್ದು ಒಡೆಯುತ್ತದೆ. ಬೆಲೆಬಾಳುವ ಉಕ್ಕಿನ ಕೀಲು ಸಡಿಲವಾಗಿದ್ದರೆ ಬಿಗಿಯಾದ ಅಗ್ಗದ ಕೀಲಿಗಿಂತ ಕೀಳು.

ಕಿವಿಯು ಕೈಗೆ ಹೇಳುವ ಮಾತು

ಸದ್ದಿನ ಗಡುಸುತನಕ್ಕೆ ಕೀಲಿಗಿಂತ ಮುಖ್ಯವಾದ ಕಾರಣ ಚರ್ಮದ ತುದಿ. ನಗಾರಿಯನ್ನು ಬರಿಯ ಕೋಲಿನಿಂದ ಹೊಡೆದರೆ ಒಂದು ಸದ್ದು, ಬಟ್ಟೆ ಸುತ್ತಿದ ಕೋಲಿನಿಂದ ಹೊಡೆದರೆ ಇನ್ನೊಂದು. ಗಟ್ಟಿಯಾದ ತುದಿಯು ಚೆಂಡನ್ನು ಬೇಗ ಬಿಡುತ್ತದೆ. ಏಟಿನ ಕಾಲ ಕಡಿಮೆಯಾದಷ್ಟೂ ಎತ್ತರದ ಸ್ವರಗಳು ಹೆಚ್ಚು. ಎರಡು ಚೆಂಡುಗಳು ಪರಸ್ಪರ ತಾಗಿದಾಗ ‘ಟಕ್’ ಎಂದು ಚೂಪಾಗಿ ಕೇಳುವುದೂ ಈ ಕಾರಣದಿಂದಲೇ. ಅವುಗಳ ಸ್ಪರ್ಶವು ಚರ್ಮದ ಸ್ಪರ್ಶಕ್ಕಿಂತ ಬಹು ಅಲ್ಪಕಾಲದ್ದು. ಇಬ್ಬರ ಕೋಲುಗಳಲ್ಲಿ ಕೀಲು ಬೇರೆಯಾಗಿರುವಾಗ ತುದಿಯೂ ತೂಕವೂ ಬೇರೆಯಾಗಿರುತ್ತವೆ. ನಾವು ಮಾತ್ರ ಹೊಳೆಯುವ ಕೀಲನ್ನು ಕಂಡು ಎಲ್ಲ ಕೀರ್ತಿಯನ್ನೂ ಅದಕ್ಕೇ ಕೊಡುತ್ತೇವೆ.

ಇದಲ್ಲದೆ ಇಂದ್ರಿಯಗಳು ಒಂದರ ಕಿವಿಯನ್ನೊಂದು ಕಚ್ಚುತ್ತವೆ. ೧೯೯೮ರಲ್ಲಿ ಫಿನ್ಲೆಂಡಿನ ಯೌಸ್ಮೆಕಿ ಮತ್ತು ಹಾರಿ ಎಂಬ ಸಂಶೋಧಕರು ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಜನರು ತಮ್ಮ ಅಂಗೈಗಳನ್ನು ಉಜ್ಜಿಕೊಳ್ಳುತ್ತಿರುವಾಗ ಆ ಸದ್ದನ್ನೇ ಅವರ ಕಿವಿಗೆ ಕೇಳಿಸಿ, ಅದರಲ್ಲಿ ಎತ್ತರದ ಸ್ವರಗಳನ್ನು ಮಾತ್ರ ಹೆಚ್ಚಿಸಿದರು. ಕೈಗಳು ಮೊದಲಿನಂತೆಯೇ ಇದ್ದರೂ, ತಮ್ಮ ಚರ್ಮ ಒಣಗಿ ಕಾಗದದಂತಾಯಿತೆಂದು ಅವರಿಗೆ ತೋರಿತು. ಕಿವಿ ಹೇಳಿದುದನ್ನು ಕೈ ನಂಬಿತು! ಕ್ಯೂ ಕೋಲಿನ ‘ಗಡುಸು’ ಏಟಿನಲ್ಲಿಯೂ ಕೈಯ ಸಾಕ್ಷ್ಯವೆಷ್ಟು, ಕಿವಿ ಹೇಳಿಕೊಟ್ಟುದೆಷ್ಟು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಗುರಿಯನ್ನು ತಪ್ಪಿಸುವುದು ಯಾವುದು?

ಚೆಂಡು ‘ನೆಟ್ಟಗೆ’ ಹೋಗುವ ಮಾತು ಉಳಿಯಿತು. ಚೆಂಡಿನ ನಡುವನ್ನು ಬಿಟ್ಟು ಪಕ್ಕಕ್ಕೆ ಹೊಡೆದಾಗ ಚೆಂಡು ತಿರುಗುತ್ತದೆ. ಜೊತೆಗೆ ಕೋಲಿನ ದಿಕ್ಕಿನಿಂದ ತುಸು ಓರೆಯಾಗಿಯೂ ಹೊರಡುತ್ತದೆ. ತಿರುಗುವ ಚೆಂಡು ಕೋಲಿನ ತುದಿಯನ್ನು ಪಕ್ಕಕ್ಕೆ ತಳ್ಳುತ್ತದೆ, ತುದಿಯು ಚೆಂಡನ್ನು ಎದುರು ಪಕ್ಕಕ್ಕೆ ತಳ್ಳುತ್ತದೆ. ತುದಿಯ ಭಾರ ಹೆಚ್ಚಿದ್ದಷ್ಟೂ ಈ ಓರೆ ಹೆಚ್ಚು.

ಇಲ್ಲಿ ಪ್ರಶ್ನೆಯೇನೆಂದರೆ, ತುದಿಯ ಜೊತೆಗೆ ಕೋಲಿನ ಎಷ್ಟು ಭಾಗ ಪಕ್ಕಕ್ಕೆ ಸರಿಯುತ್ತದೆ? ಅಡ್ಡಬಳುಕಿನ ತರಂಗವು ಉದ್ದನೆಯ ತರಂಗದಷ್ಟು ವೇಗವಾಗಿ ಓಡುವುದಿಲ್ಲ. ಚೆಂಡು ಬಿಟ್ಟುಹೋಗುವ ಹೊತ್ತಿಗೆ ಬಳುಕಿನ ಮುಖ್ಯಭಾಗವು ತುದಿಯಿಂದ ಹೆಚ್ಚುಕಡಿಮೆ ಒಂದು ಗೇಣು ಹಿಂದಕ್ಕೆ ಬಂದಿರುತ್ತದೆ, ಅಷ್ಟೆ. ಕೀಲಾದರೋ ಮೂರು ಗೇಣು ಆಚೆಗಿದೆ. ಆದುದರಿಂದ ಓರೆಯನ್ನು ಕಡಿಮೆ ಮಾಡಬೇಕೆನ್ನುವವರು ತುದಿಯ ಗೇಣಿನೊಳಗಿನ ಭಾರವನ್ನು ಇಳಿಸುತ್ತಾರೆ. ಮರವನ್ನು ಒಳಗೆ ಟೊಳ್ಳು ಮಾಡುತ್ತಾರೆ, ಇಲ್ಲವೇ ಇಂಗಾಲದ ಎಳೆಯ ಹಗುರವಾದ ಕೊಳವೆಯನ್ನು ಬಳಸುತ್ತಾರೆ. ಇದು ಚೆಂಡಿನ ದಾರಿಯನ್ನು ನಿಜವಾಗಿ ಬದಲಿಸುವ ವಿದ್ಯೆ. ಕೀಲಿನ ಲೋಹಕ್ಕೆ ಈ ವಿಷಯದಲ್ಲಿ ಪಾತ್ರವಿಲ್ಲ.

ಒಂದು ಪರೀಕ್ಷೆ

ಇಷ್ಟೆಲ್ಲ ಕೇಳಿದ ಮೇಲೂ ನಮ್ಮ ಹುಡುಗನು, “ಆದರೂ ನನ್ನ ಕೈಗೆ ಗೊತ್ತಾಗುತ್ತದೆ ಸಾರ್,” ಎಂದನು. ಅದು ಒಳ್ಳೆಯ ಉತ್ತರ. ಕೈಯ ಮಾತನ್ನು ಕರಿಹಲಗೆಯು ತಳ್ಳಿಹಾಕಬಾರದು, ಪರೀಕ್ಷಿಸಬೇಕು. ನಾವು ಸೂಚಿಸಿದ ಕ್ರಮ ಇದು.

ತೂಕವೂ ತುದಿಯೂ ಆದಷ್ಟು ಸಮಾನವಾಗಿರುವ, ಕೀಲು ಮಾತ್ರ ಬೇರೆಯಾದ ಎರಡು ಕೋಲುಗಳನ್ನು ಆರಿಸಿಕೊಳ್ಳಬೇಕು. ಎರಡರ ಕೀಲಿಗೂ ಬಟ್ಟೆ ಸುತ್ತಬೇಕು. ಗೆಳೆಯನೊಬ್ಬನು ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಒಂದು ಕೋಲನ್ನು ಕೊಡಬೇಕು. ಹೊಡೆದವನು ಕಣ್ಣು ಕಟ್ಟಿಕೊಂಡು, ಅದು ಯಾವ ಕೋಲೆಂದು ಹೇಳಬೇಕು. ಹೀಗೆ ಹತ್ತು ಬಾರಿ. ಅನಂತರ ಕಿವಿಗೆ ಹತ್ತಿಯಿಟ್ಟುಕೊಂಡು ಮತ್ತೆ ಹತ್ತು ಬಾರಿ.

ಉತ್ತರಗಳನ್ನು ಓದುವಾಗಲೂ ಎಚ್ಚರ ಬೇಕು. ಹತ್ತರಲ್ಲಿ ಆರು ಸರಿಯಾದರೆ ಹಿಗ್ಗಬಾರದು. ಏನೂ ತಿಳ್ಳದೆ ಬಾಯಿಗೆ ಬಂದುದನ್ನು ಹೇಳುವವನಿಗೂ ಆರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವವು ೧,೦೨೪ರಲ್ಲಿ ೩೮೬, ಎಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವವಾದರೋ ೧,೦೨೪ರಲ್ಲಿ ೧೧ ಮಾತ್ರ. ಒಂಬತ್ತು ಸರಿಯಾದರೆ ಕೈಗೆ ನಿಜವಾಗಿಯೂ ಏನೋ ತಿಳಿಯುತ್ತಿದೆಯೆಂದು ಒಪ್ಪಬೇಕು.

ಮುಂದಿನ ವಾರ ಹುಡುಗನು ಬಂದನು. ಸಮತೂಕದ ಕೋಲುಗಳನ್ನು ಹುಡುಕುವುದೇ ಕಷ್ಟವಾಯಿತೆಂದೂ, ಕಿವಿಗೆ ಹತ್ತಿಯಿಟ್ಟ ಮೇಲೆ ತನಗೆ ಮೊದಲಿದ್ದ ಧೈರ್ಯ ಉಳಿಯಲಿಲ್ಲವೆಂದೂ ಹೇಳಿದನು. ಒಬ್ಬನ ಒಂದು ದಿನದ ಪರೀಕ್ಷೆಯಿಂದ ಸಿದ್ಧಾಂತ ಹುಟ್ಟುವುದಿಲ್ಲ. ಅದನ್ನು ಅವನಿಗೂ ಹೇಳಿದೆವು. ಆದರೆ ಹಣವನ್ನು ಅವನು ಖರ್ಚುಮಾಡಿರಲಿಲ್ಲ. ತಾನು ಆಡುವ ಹಳೆಯ ಕೋಲಿಗೆ ಹೊಸ ಚರ್ಮದ ತುದಿ ಹಾಕಿಸಿ, ಸಡಿಲವಾಗಿದ್ದ ಕೀಲನ್ನು ಬಿಗಿ ಮಾಡಿಸಿಕೊಂಡಿದ್ದನು. ಅದನ್ನು ಹೇಗೆ ಪತ್ತೆಮಾಡಿದೆಯೆಂದು ಕೇಳಿದಾಗ ನಕ್ಕು, “ಅಜ್ಜ ಗುದ್ದಲಿ ತಟ್ಟುತ್ತಾರಲ್ಲ ಸಾರ್, ಹಾಗೆಯೇ ತಟ್ಟಿದೆ, ‘ಬೊದ್’ ಎಂದಿತು,” ಎಂದನು.

ಅಜ್ಜನ ವಿದ್ಯೆ ಸುಳ್ಳಾಗಲಿಲ್ಲ. ಬಿಗಿಯೋ ಸಡಿಲವೋ ಎಂಬ ಪ್ರಶ್ನೆಗೆ ಕೈ ಮತ್ತು ಕಿವಿ ನಂಬತಕ್ಕ ಸಾಕ್ಷಿಗಳು. ಚೆಂಡು ಎತ್ತ ಹೋಯಿತು, ಏಕೆ ಹೋಯಿತು ಎಂಬ ಪ್ರಶ್ನೆಯಲ್ಲಿ ಮಾತ್ರ ಅವು ತಡವಾಗಿ ಬಂದ ಸಾಕ್ಷಿಗಳು. ಅಲ್ಲಿ ಅಳತೆಯನ್ನೂ ಲೆಕ್ಕವನ್ನೂ ಕೇಳಬೇಕು. ಲೆಕ್ಕವನ್ನು ಮಾಡುವವನೂ, ನಾವು ಮಾಡಿದಂತೆ ಏರಿಯ ಸೂತ್ರವನ್ನು ಗಳುವಿಗೆ ಹಚ್ಚದಂತೆ ಎಚ್ಚರವಾಗಿರಬೇಕು.

ಅಭ್ಯಾಸ

೧. ೬೦ ಸೆಂಟಿಮೀಟರು ಉದ್ದದ ಕೋಲನ್ನು ಎಲ್ಲಿ ಹಿಡಿದು ತಟ್ಟಿದರೆ ಅದರ ಮೂಲಸ್ವರವು ಚೆನ್ನಾಗಿ ಕೇಳುತ್ತದೆ?

೨. ಮೇಲಿನ ಲೆಕ್ಕದಲ್ಲಿ ಕೋಲಿನ ತೂಕವನ್ನು ೫೪೦ ರಿಂದ ೬೦೦ ಗ್ರಾಮಿಗೆ ಏರಿಸಿದರೆ ಚೆಂಡಿನ ವೇಗ ಎಷ್ಟಾಗುತ್ತದೆ? ವ್ಯತ್ಯಾಸವು ನೀವು ಊಹಿಸಿದಷ್ಟು ಇದೆಯೆ?

೩. ಹತ್ತು ಬಾರಿಗೆ ಬದಲಾಗಿ ನಾಲ್ಕೇ ಬಾರಿ ಪರೀಕ್ಷೆ ಮಾಡಿ ನಾಲ್ಕೂ ಸರಿಯಾದರೆ, ಅದು ಬರಿಯ ಅದೃಷ್ಟವಾಗಿರುವ ಸಂಭವವೆಷ್ಟು? ಅಷ್ಟರಿಂದ ತೃಪ್ತರಾಗಬಹುದೆ?